ಏಣಿ ಯಜಮಾನರು ಆಕ್ಷೇಪಿಸಲಿಲ್ಲ

"ಅತ್ತಿಗೆ, ಕೆಳಗೆ ಮಾತ್ರ ನೋಡ್ಬೇಡಿ," ಎಂದ ನನ್ನ ಮೈದುನ.

ಹಾಗೆ ಹೇಳಿದ ಮೇಲೆ ನೋಡದೆ ಇರುವವರು ಯಾರಿದ್ದಾರೆ? ನೋಡಿದೆ. ಜೀವ ಕೈಯಲ್ಲಿ ಹಿಡಿದುಕೊಂಡು ಇನ್ನೆರಡು ಮೆಟ್ಟಿಲು ಹತ್ತಿ, ತುದಿಯ ಹಲಗೆಯ ಮೇಲೆ ಹೇಗೋ ಕುಳಿತೆ. ಕೆಳಗೆ ಏಣಿಯ ಕಾಲು ಹಿಡಿದು ನಿಂತಿದ್ದವನ ಮುಖದಲ್ಲಿ ನಗು ಇತ್ತು. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವ ಕೆಲಸ ಮಾಡಿ ಹೆಸರು ಗಳಿಸಿದ ಅತ್ತಿಗೆ ಹೀಗೆ ಒದ್ದಾಡುವುದನ್ನು ಅವನು ಮನೆಯಲ್ಲಿ ಎಲ್ಲರಿಗೂ ಹೇಳದೆ ಬಿಡುವವನಲ್ಲ.

ನಾನು ಅಲ್ಲಿಗೆ ಹತ್ತಿದ್ದಕ್ಕೆ ಕಾರಣವಿತ್ತು. ಪ್ರತಿ ಸಭೆಯಲ್ಲೂ ಮೊದಲು ಬಾಯಿ ತೆರೆದು "ನನ್ನ ಆಕ್ಷೇಪ ಇದೆ" ಎನ್ನುತ್ತಿದ್ದ ಏಣಿ ಯಜಮಾನರು ಹೋದ ತಿಂಗಳ ಸಭೆಯಲ್ಲಿ ಇದೇ ಹಲಗೆಯ ಮೇಲೆ ಕುಳಿತು ತುಟಿ ಬಿಚ್ಚದೆ ಇದ್ದುಬಿಟ್ಟಿದ್ದರು. ಅದು ಯಾಕೆ ಎಂದು ಕಂಡುಹಿಡಿಯಲು ಅವರ ಹೆಂಡತಿ ನನ್ನನ್ನು ಗೊತ್ತುಮಾಡಿದ್ದರು.

ಸಭೆಗೆ ಏಣಿ ಹತ್ತುವುದು ಅವರ ಹುಚ್ಚೇನಲ್ಲ. ಅವರ ಈ ಏಣಿ ಕಾರ್ಖಾನೆ ತಗ್ಗಿನಲ್ಲಿದೆ, ಸುತ್ತ ದಪ್ಪ ಕಲ್ಲಿನ ಗೋಡೆ. ಫೋನಿಗೆ ಸಿಗ್ನಲ್ ನೆಟ್ಟಗೆ ಸಿಗುವುದು ಚಾವಣಿಗೆ ಹತ್ತಿರದ ಗವಾಕ್ಷಿಯ ಪಕ್ಕ ಮಾತ್ರ. ಹಾಗಾಗಿ ಅವರು ನಾಲ್ಕು ಕಾಲಿನ ದೊಡ್ಡ ಏಣಿಯೊಂದನ್ನು ಅಲ್ಲೇ ಕಾಯಂ ನಿಲ್ಲಿಸಿ, ತುದಿಗೆ ಅಗಲದ ಹಲಗೆ ಬಡಿದು, ಅದರ ಮೇಲೊಂದು ದಿಂಬು ಹಾಕಿಕೊಂಡು, ಲೋಕದ ದೊಡ್ಡ ದೊಡ್ಡ ಕಂಪನಿಗಳ ಜೊತೆ ವಾದ ಮಾಡುತ್ತಿದ್ದರು.

ವಾದ ಜಾಲತಾಣಗಳ ಹೆಸರಿನ ಬಗ್ಗೆ. ಅಂಗಡಿಗೊಂದು ಬೋರ್ಡು ಇದ್ದ ಹಾಗೆ ಇಂಟರ್ನೆಟ್ಟಿನಲ್ಲಿ ಪ್ರತಿಯೊಬ್ಬ ವ್ಯಾಪಾರಿಗೂ ಒಂದು ಹೆಸರು, ಅಂದರೆ ಡೊಮೈನು. ಅದನ್ನು ಯಾರು ಕೊಡಬೇಕು, ಯಾವಾಗ ಕಿತ್ತುಕೊಳ್ಳಬಹುದು ಎಂದು ನಿಯಮ ಮಾಡಲು ಒಂದು ಮಂಡಳಿ ಇದೆ. ಆ ಮಂಡಳಿಯಲ್ಲಿ ವ್ಯಾಪಾರಸ್ಥರಿಗೆಂದು ಒಂದು ಬಳಗ. ಬಳಗದ ತುಂಬ ಬ್ಯಾಂಕಿನವರು, ಫೋನ್ ಕಂಪನಿಯವರು, ಅವರ ವಕೀಲರು. ಸಣ್ಣ ವ್ಯಾಪಾರಿಗಳಿಗೆ ಅಲ್ಲಿ ಒಂದೇ ಒಂದು ಸ್ಥಾನ. ಟೋಪಿ ಹೊಲಿಯುವವರು, ಸೈಕಲ್ ರಿಪೇರಿಯವರು, ಬ್ರೆಡ್ ಸುಡುವವರು ಎಲ್ಲ ಸೇರಿ ಆ ಸ್ಥಾನಕ್ಕೆ ಏಣಿ ಯಜಮಾನರನ್ನು ಕಳಿಸಿದ್ದರು.

ಈಗ ಅಲ್ಲಿಗೆ ಮತ್ತೆ ಬಂದಿರುವ ಪ್ರಸ್ತಾಪ ಇಷ್ಟು. ಒಬ್ಬ ಅಂಗಡಿಯವನು ವರ್ಷದ ಶುಲ್ಕ ಕಟ್ಟಲು ಮರೆತರೆ ಅವನ ಹೆಸರು ತಕ್ಷಣ ಕೈಬಿಟ್ಟು ಹೋಗುವುದಿಲ್ಲ, ಒಂದು ತಿಂಗಳ ವಾಯಿದೆ ಇದೆ. ಆ ವಾಯಿದೆಯನ್ನು ತೆಗೆದುಹಾಕಬೇಕಂತೆ. ತೆಗೆದರೆ ಬಾಳು ಹಸನಾಗುವುದು ಹೆಸರು ಹಿಡಿಯುವ ಕಂಪನಿಗಳದ್ದು. ಯಾರ ಹೆಸರು ಕೈತಪ್ಪುತ್ತದೆ ಎಂದು ಹೊಂಚುಹಾಕಿ, ಹಿಡಿದು, ಅದರ ಒಡೆಯನಿಗೇ ದುಬಾರಿ ಬೆಲೆಗೆ ಮಾರುವುದೇ ಅವರ ಕಸುಬು. ಬಳಗದಲ್ಲಿ ಕೈ ಎತ್ತಿ ಮತ ಹಾಕುವ ಪದ್ಧತಿ ಇಲ್ಲ. "ಆಕ್ಷೇಪ ಇದ್ದವರು ಹೇಳಿ, ಸುಮ್ಮನಿದ್ದವರು ಒಪ್ಪಿದ್ದಾರೆ ಎಂದು ಬರೆದುಕೊಳ್ಳುತ್ತೇನೆ" ಎನ್ನುತ್ತಾರೆ ಬಳಗದ ಅಧ್ಯಕ್ಷೆ. ಇಷ್ಟು ವರ್ಷ ಏಣಿ ಯಜಮಾನರ ಒಂದು ಆಕ್ಷೇಪದಿಂದ ಈ ಪ್ರಸ್ತಾಪ ನಿಂತಿತ್ತು.

ನಾಳೆ ಮಧ್ಯಾಹ್ನ ದೊಡ್ಡ ಮಂಡಳಿ ಸೇರುತ್ತದೆ. ಬಳಗ ಒಪ್ಪಿದೆ ಎಂದು ಅಲ್ಲಿ ಓದಿದರೆ ನಿಯಮ ಗಟ್ಟಿಯಾದಂತೆ. ಅದರ ಜೊತೆಗೆ ಈ ಮನುಷ್ಯನ ಮರ್ಯಾದೆಯೂ ಹೋದಂತೆ.

"ಇನ್ನೊಂದ್ಸಲ ಹಾಕು," ಎಂದೆ ಮೈದುನನಿಗೆ.

ಅವನ ಕಸುಬು ರೇಡಿಯೋ, ಧ್ವನಿವರ್ಧಕಗಳ ರಿಪೇರಿ. ಉಳಿದ ವಿಷಯಗಳಲ್ಲಿ ಅವನನ್ನು ನಂಬಬಾರದು, ಕಿವಿಯ ವಿಷಯದಲ್ಲಿ ನಂಬಬಹುದು. ಸಭೆಯ ಧ್ವನಿಮುದ್ರಣ ಯಾರು ಬೇಕಾದರೂ ಕೇಳಲು ಮಂಡಳಿಯ ಜಾಲತಾಣದಲ್ಲೇ ಸಿಗುತ್ತದೆ. ಅವನು ಅದನ್ನು ತನ್ನ ಸ್ಪೀಕರಿಗೆ ಜೋಡಿಸಿ, ಕೆಲಸದ ಮೇಜಿನ ಮೇಲೆ ಇಟ್ಟಿದ್ದ.

ಅಧ್ಯಕ್ಷೆಯ ದನಿ ಕಾರ್ಖಾನೆ ತುಂಬಿತು. ಸ್ವಾಗತವಾಯಿತು. ಆಮೇಲೆ ಪ್ರತಿ ಸಭೆಯ ಮೊದಲಿಗೆ ಕೇಳುವ ಪ್ರಶ್ನೆ. "ಯಾರದಾದರೂ ಹಿತಾಸಕ್ತಿ ಬದಲಾಗಿದೆಯೇ?" ಅಂದರೆ, ಹಿಂದಿನ ಸಭೆಯಿಂದ ಈಚೆಗೆ ನಿಮಗಾಗಲಿ ನಿಮ್ಮ ಮನೆಯವರಿಗಾಗಲಿ ಈ ವಿಷಯಗಳಲ್ಲಿ ಲಾಭವಾಗುವಂಥ ಸಂಬಂಧವೇನಾದರೂ ಹೊಸದಾಗಿ ಬೆಳೆದಿದೆಯೇ ಎಂದು.

"ಇಲ್ಲೇ ಕೇಳಿ," ಎಂದ ಮೈದುನ. "ಹಳೇ ಸಭೆಗಳಲ್ಲಿ ಈಯಮ್ಮ ಇದನ್ನ ಒಂದೇ ಉಸಿರಲ್ಲಿ ಕೇಳಿ, ಇಲ್ಲ ಅಂತ ತಾನೇ ಹೇಳ್ಕೊಂಡು ಮುಂದೆ ಓಡ್ತಾರೆ. ಎಲ್ಲಾ ಕೇಳಿದೀನಿ, ಒಂದ್ಸಲಾನೂ ನಿಂತಿಲ್ಲ. ಈ ಸಲ ನೋಡಿ, ಕಾಯ್ತಾ ಇದಾರೆ."

ನಿಜ. ಸ್ಪೀಕರಿನಲ್ಲಿ ಸದ್ದಿಲ್ಲ. ಯಾರೂ ಕೆಮ್ಮುವುದಿಲ್ಲ. ಆ ನಿಶ್ಶಬ್ದದ ನಡುವೆ ಎಲ್ಲೋ ಒಂದು ಸಣ್ಣ ಕಿರಕ್ ಎಂಬ ಸದ್ದು. ಆಮೇಲೆ ಅಧ್ಯಕ್ಷೆ ನಿಧಾನವಾಗಿ, "ಇಲ್ಲ ಎಂದು ಬರೆದುಕೊಳ್ಳುತ್ತೇನೆ" ಎನ್ನುತ್ತಾರೆ.

"ಅದೇನದು ಕಿರಕ್ ಅಂದಿದ್ದು?"

"ಅದಕ್ಕೇ ನಿಮ್ಮನ್ನ ಹತ್ತಿಸಿದ್ದು. ಸ್ವಲ್ಪ ಬಲಕ್ಕೆ ವಾಲಿ."

ಬಯ್ದುಕೊಳ್ಳುತ್ತಲೇ ವಾಲಿದೆ. ಹಲಗೆ ನನ್ನ ಕೆಳಗೆ ಕಿರಕ್ ಎಂದಿತು. ಅದೇ ಸದ್ದು. ನನಗೆ ಭಯ ಮರೆತುಹೋಯಿತು.

ಆ ಸಭೆಗಳಲ್ಲಿ ಎಲ್ಲರೂ ಮೈಕ್ ಮುಚ್ಚಿಕೊಂಡೇ ಕೂರುತ್ತಾರೆ, ಮಾತಾಡುವವರು ಮಾತ್ರ ತೆರೆಯುತ್ತಾರೆ. ಈ ಹಲಗೆಯ ಸದ್ದು ಸಭೆಗೆ ಕೇಳಿಸಿದೆ ಎಂದರೆ ಆ ಗಳಿಗೆಯಲ್ಲಿ ಏಣಿ ಯಜಮಾನರ ಮೈಕ್ ತೆರೆದಿತ್ತು. ಅವರು ಏನೋ ಹೇಳಲು ಹೊರಟು, ಮುಂದಕ್ಕೆ ಬಾಗಿ, ಮತ್ತೆ ಹಿಂದೆ ಸರಿದಿದ್ದರು. ಆಮೇಲೆ ಆಕ್ಷೇಪ ಕೇಳುವ ಹೊತ್ತಿಗೆ ಇಂಥ ಸದ್ದು ಎಲ್ಲಿಯೂ ಇಲ್ಲ.

ಊರಿನ ಮಂದಿ ಮೂರು ಕಾರಣ ಹೇಳುತ್ತಿದ್ದರು. ಮುದುಕರಿಗೆ ಜೊಂಪು ಹತ್ತಿತ್ತು, ಸಿಗ್ನಲ್ ಹೋಗಿತ್ತು, ಇಲ್ಲವೇ ಯಾರೋ ಕೈ ಬೆಚ್ಚಗೆ ಮಾಡಿದ್ದರು. ಟೋಪಿ ಹೊಲಿಯುವಾಕೆಯಂತೂ ಕಾರ್ಖಾನೆಯ ಬಾಗಿಲಿಗೇ ಬಂದು ಮೂರನೆಯದನ್ನು ಗಟ್ಟಿಯಾಗಿ ಹೇಳಿ ಹೋಗಿದ್ದಳು. ಒಂದು ಕಿರಕ್ ಸದ್ದಿಗೆ ಮೂರೂ ಬಿದ್ದುಹೋದವು. ನಿದ್ದೆ ಹೋದವರು ಮೈಕ್ ತೆರೆಯುವುದಿಲ್ಲ. ಸಿಗ್ನಲ್ ಇಲ್ಲದಿದ್ದರೆ ಸದ್ದು ಹೋಗುವುದಿಲ್ಲ. ಇನ್ನು ಬಾಯಿ ಮುಚ್ಚಲೆಂದೇ ಕಾಸು ತೆಗೆದುಕೊಂಡವರು, ಯಾರೂ ಉತ್ತರ ಕೊಡದ ಪ್ರಶ್ನೆಗೆ ಬಾಯಿ ತೆರೆಯಲು ಹೋಗುವುದಿಲ್ಲ.

"ಇಳಿಸು ನನ್ನ," ಎಂದೆ. "ಯಜಮಾನರ ಹತ್ರ ಮಾತಾಡ್ಬೇಕು."

ಹತ್ತಿದ್ದಕ್ಕಿಂತ ಇಳಿಯುವುದು ಕಷ್ಟವಾಯಿತು. ಆ ಭಾಗವನ್ನು ವಿವರಿಸುವುದಿಲ್ಲ.

ಏಣಿ ಯಜಮಾನರು ಹಿಂದಿನ ಅಂಕಣದಲ್ಲಿ ಏಣಿಯ ಮೆಟ್ಟಿಲೊಂದನ್ನು ತೊಡೆಯ ಮೇಲಿಟ್ಟುಕೊಂಡು ಪಾಲಿಶ್ ಪೇಪರಿನಿಂದ ಉಜ್ಜುತ್ತಿದ್ದರು. ಅದು ಆಗಲೇ ನುಣ್ಣಗಿತ್ತು. ಈ ಕಾರ್ಖಾನೆಯಿಂದ ಹೊರಗೆ ಹೋಗುವ ಪ್ರತಿ ಏಣಿಯನ್ನೂ ಅವರೇ ಖುದ್ದಾಗಿ ಹತ್ತಿ, ತುದಿಯಲ್ಲಿ ನಿಂತು ಒಮ್ಮೆ ಕುಣಿದು ನೋಡಿ ಕಳಿಸುತ್ತಿದ್ದರಂತೆ. ಸಭೆಯ ಮಾರನೆಯ ದಿನದಿಂದ ಅವರು ಒಂದು ಮೆಟ್ಟಿಲೂ ಹತ್ತಿಲ್ಲ. ಪರೀಕ್ಷೆಯಾಗದ ಏಣಿಗಳು ಗೋಡೆಯುದ್ದಕ್ಕೂ ಒರಗಿ ನಿಂತಿದ್ದವು.

ಮುಂದಿನ ಕೋಣೆಯಿಂದ ಕೀಬೋರ್ಡಿನ ಸದ್ದು ಕೇಳುತ್ತಿತ್ತು. ಅದು ಅವರ ಮಗಳು. ಕಾರ್ಖಾನೆಯ ಪತ್ರವ್ಯವಹಾರ, ಜಾಲತಾಣ ಎಲ್ಲ ಅವಳದ್ದೇ. ಪ್ರತಿ ಸಭೆಯ ಧ್ವನಿಮುದ್ರಣವನ್ನು ಕೂತು ಕೇಳಿ, ಅದರ ಸಾರವನ್ನು ಸಣ್ಣ ವ್ಯಾಪಾರಿಗಳಿಗೆಲ್ಲ ಬರೆದು ಕಳಿಸುವವಳೂ ಅವಳೇ.

"ಯಜಮಾನ್ರೆ, ಒಂದು ಮಾತು ಕೇಳ್ಲಾ?"

"ಕೇಳಮ್ಮ. ಉತ್ತರ ಕೊಡ್ತೀನಿ ಅಂತೇನೂ ಇಲ್ಲ."

"ಉತ್ತರ ಬೇಡ. ನಾನೇ ಹೇಳ್ತೀನಿ, ತಪ್ಪಿದ್ರೆ ತಲೆ ಅಲ್ಲಾಡಿಸಿ." ಅವರ ಎದುರು ಮರದ ತುಂಡೊಂದನ್ನು ಎಳೆದುಕೊಂಡು ಕುಳಿತೆ. "ಅವತ್ತು ನಿಮಗೆ ನಿದ್ದೆ ಬಂದಿರ್ಲಿಲ್ಲ."

ಉಜ್ಜುವುದು ನಿಲ್ಲಲಿಲ್ಲ.

"ಸಿಗ್ನಲ್ಲೂ ಹೋಗಿರ್ಲಿಲ್ಲ. ಯಾರ ಹತ್ರಾನೂ ದುಡ್ಡೂ ತಗೊಂಡಿಲ್ಲ ನೀವು."

ಕೈ ನಿಂತಿತು. "ಅದನ್ನ ನನ್ನ ಹೆಂಡತಿಗೆ ಹೇಳಿದ್ಯಾ ತಾಯಿ?"

"ನೀವೇ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ಹಾಗಾದ್ರೆ ಯಾಕೆ ಸುಮ್ಮನಿದ್ರಿ ಅಂತ ಕೇಳ್ತಾಳೆ. ಅವಳಿಗೆ ನಾನು ಸುಳ್ಳು ಹೇಳಿದ್ದು ಕಡಿಮೆ. ಹೇಳಿದಾಗೆಲ್ಲ ಸಿಕ್ಕಿಹಾಕ್ಕೊಂಡಿದೀನಿ."

ಪಾಪ ಅನ್ನಿಸಿತು. ಆದರೂ ಬಿಡಲಿಲ್ಲ. "ಹಿತಾಸಕ್ತಿ ಬದಲಾಗಿದೆಯಾ ಅಂತ ಕೇಳಿದಾಗ ನೀವು ಮೈಕ್ ತೆರೆದ್ರಿ. ಬದಲಾಗಿತ್ತು, ಹೇಳೋಕೆ ಹೋದ್ರಿ, ಹೇಳಲಿಲ್ಲ. ಅಲ್ವಾ?"

ಅವರು ತಲೆ ಅಲ್ಲಾಡಿಸಲಿಲ್ಲ. ಮೆಟ್ಟಿಲನ್ನು ಪಕ್ಕಕ್ಕಿಟ್ಟು, ಅಂಗಿಯ ಮೇಲಿನ ಮರದ ಹುಡಿಯನ್ನು ಕೊಡವಿಕೊಂಡರು. ಆ ಹುಡಿ ಕೊಡವಿದರೆ ಹೋಗುವಂಥದ್ದಲ್ಲ.

"ಅಲ್ಲೊಂದು ನಿಯಮ ಇದೆ," ಎಂದರು. "ಹಿತಾಸಕ್ತಿ ಇರೋನು ಅದನ್ನ ಮೊದ್ಲು ಎಲ್ಲರ ಎದುರಿಗೆ ಹೇಳಿ ಆಮೇಲೆ ಮಾತಾಡ್ಬೇಕು. ಹೇಳೋಕಾಗಲ್ಲ ಅಂದ್ರೆ ಆ ವಿಷಯದಲ್ಲಿ ಬಾಯಿ ಹಾಕಬಾರ್ದು, ಪಕ್ಕಕ್ಕೆ ನಿಲ್ಲಬೇಕು. ಆ ನಿಯಮ ಬೇಕೇ ಬೇಕು ಅಂತ ಪಟ್ಟು ಹಿಡಿದೋನು ನಾನೇ. ದೊಡ್ಡ ಕಂಪನಿಯವರನ್ನ ಕಟ್ಟಿಹಾಕೋಕೆ ಅಂತ."

"ಅದಕ್ಕೇ ಪಕ್ಕಕ್ಕೆ ನಿಂತ್ರಿ."

"ಹೂಂ."

"ಆದ್ರೆ ಅದೇ ಸಭೆಯಲ್ಲಿ ಇನ್ನೊಂದು ನಿಯಮ ಇದೆಯಲ್ಲ ಯಜಮಾನ್ರೆ. ಸುಮ್ಮನಿದ್ದೋರೆಲ್ಲ ಒಪ್ಪಿದ್ದಾರೆ ಅಂತ. ನೀವು ಪಕ್ಕಕ್ಕೆ ನಿಂತಿದ್ದನ್ನ ಅವರು ಒಪ್ಪಿಗೆ ಅಂತ ಬರ್ಕೊಂಡ್ರು."

"ಸಭೆ ಮುಗಿದು ಏಣಿ ಇಳಿಯೋವಾಗ ಹೊಳೀತು ನನಗೆ," ಎಂದರು. "ಮಧ್ಯದಲ್ಲೇ ನಿಂತುಬಿಟ್ಟೆ. ಮೇಲೂ ಹೋಗೋಕಾಗಲ್ಲ, ಕೆಳಗೂ ಬರೋಕಾಗಲ್ಲ ಅನ್ನಿಸ್ತು."

ಇಷ್ಟು ವರ್ಷ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಿಯಮ ಮಾಡಿದವರು, ಒಂದು ನಿಯಮ ಇನ್ನೊಂದಕ್ಕೆ ಡಿಕ್ಕಿ ಹೊಡೆದರೆ ಏನಾಗುತ್ತದೆ ಎಂದು ಯೋಚಿಸಿಯೇ ಇರಲಿಲ್ಲ. ನನಗೆ ಸಿಟ್ಟು ಬಂದದ್ದು ಅವರ ಮೇಲೋ ಆ ಮಂಡಳಿಯ ಮೇಲೋ ಗೊತ್ತಾಗಲಿಲ್ಲ.

"ಯಾರ ವಿಷಯ ಅದು?" ಎಂದೆ. "ನಿಮ್ಮದೇ ಆಗಿದ್ರೆ ನೀವು ಎಲ್ಲರ ಎದುರಿಗೂ ಹೇಳಿಬಿಡ್ತಿದ್ರಿ."

ಅವರು ನನ್ನನ್ನು ನೋಡಲಿಲ್ಲ. ಕೀಬೋರ್ಡಿನ ಸದ್ದು ಬರುತ್ತಿದ್ದ ಕಡೆಗೆ ನೋಡಿ, ಬೆರಳನ್ನು ತುಟಿಯ ಮೇಲಿಟ್ಟರು.

"ಮೆಲ್ಲಗೆ, ತಾಯಿ. ಅವಳಿಗೆ ಕೇಳ್ಸತ್ತೆ."

ಆಮೇಲೆ ಅವರು ಪಿಸುಮಾತಿನಲ್ಲಿ ಹೇಳಿದ್ದು ಇಷ್ಟು. ಮಗಳು ಒಬ್ಬ ಹುಡುಗನನ್ನು ಮೆಚ್ಚಿದ್ದಾಳೆ, ಮದುವೆಯಾಗುವುದೆಂದು ಇಬ್ಬರೂ ನಿಶ್ಚಯ ಮಾಡಿಕೊಂಡಿದ್ದಾರೆ. ಹುಡುಗ ವಕೀಲ. ಕೆಲಸ ಮಾಡುವುದು ಹೆಸರು ಹಿಡಿಯುವ ಕಂಪನಿಗಳಲ್ಲೆಲ್ಲ ದೊಡ್ಡದೆನಿಸಿದ ಕಂಪನಿಯಲ್ಲಿ.

"ಅವಳು ನನಗಿನ್ನೂ ಹೇಳಿಲ್ಲ," ಎಂದರು. "ಹೇಗೆ ಹೇಳ್ತಾಳೆ ಪಾಪ. ಊಟಕ್ಕೆ ಕೂತಾಗೆಲ್ಲ ಆ ಕಂಪನಿಯವರಿಗೆ ಶಾಪ ಹಾಕ್ಕೊಂಡೇ ಬಂದಿದೀನಿ ನಾನು. ಅವರ ಮನೆ ಹಾಳಾಗ ಅಂದಿದೀನಿ. ಈಗ ನೋಡಿದ್ರೆ ನನ್ನ ಮಗಳು ಹೋಗಿ ಸೇರೋ ಮನೇನೇ ಅದು."

ನಗು ಬಂತು. ಅವರಿಗೂ ಬಂತು. ಆದರೆ ಅವರ ಕಣ್ಣುಗಳು ತುಂಬಿಕೊಂಡಿದ್ದವು.

"ಹಾಗಾದ್ರೆ ಕರೆದು ಹೇಳಿಬಿಡಿ, ನನಗೆ ಗೊತ್ತಮ್ಮ ಅಂತ."

"ಅದು ಆಗಲ್ಲ. ಇಂಥ ಸುದ್ದಿ ಅಪ್ಪನಿಗೆ ತಾನೇ ಹೇಳ್ಬೇಕು ಅಂತ ಯಾವ ಹೆಣ್ಣುಮಗಳಿಗೆ ಆಸೆ ಇರಲ್ಲ? ಅದನ್ನ ನಾನು ಕಿತ್ಕೊಳ್ಳಲ್ಲ. ಅವಳು ಹೇಳೋ ದಿನ ನಾನು ಗೊತ್ತೇ ಇಲ್ದೋನ ಹಾಗೆ ಖುಷಿಪಡಬೇಕು. ದಿನಾ ಗಡ್ಡ ಮಾಡ್ಕೊಳ್ಳೋವಾಗ ಕನ್ನಡಿ ಮುಂದೆ ಅಭ್ಯಾಸ ಮಾಡ್ತಾ ಇದೀನಿ. 'ಹೌದಾ ಪುಟ್ಟಿ? ಯಾರಮ್ಮ ಹುಡುಗ?' ಅಂತ." ಅವರು ಹುಬ್ಬು ಮೇಲೇರಿಸಿ ತೋರಿಸಿದರು. "ಇನ್ನೂ ಸರಿಯಾಗಿ ಬರ್ತಿಲ್ಲ."

ಸುಳ್ಳು ಹೇಳುವವರ ಮುಖಗಳನ್ನು ನೋಡುತ್ತಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಇಷ್ಟು ಕೆಟ್ಟದಾಗಿ ನಟಿಸುವ, ಇಷ್ಟು ಒಳ್ಳೆಯ ಮನುಷ್ಯನನ್ನು ನಾನು ಕಂಡಿರಲಿಲ್ಲ. ಇವರ ಬಗ್ಗೆ ಊರೆಲ್ಲ ಇಲ್ಲಸಲ್ಲದ ಮಾತಾಡುತ್ತಿದೆಯಲ್ಲ ಎಂದು ಸಂಕಟವಾಯಿತು.

"ನಾಳೆ ಮಂಡಳಿಯಲ್ಲಿ ಒಂದೇ ಮಾತು ಹೇಳಿದ್ರೆ ಸಾಕು," ಎಂದೆ. "ನಾನು ಸುಮ್ಮನಿದ್ದದ್ದು ಒಪ್ಪಿಗೆ ಅಲ್ಲ ಅಂತ. ಅದನ್ನ ಬೇರೆ ಯಾರೂ ಹೇಳೋ ಹಾಗಿಲ್ಲ, ನೀವೇ ಹೇಳ್ಬೇಕು."

"ಯಾಕೆ ಸುಮ್ಮನಿದ್ರಿ ಅಂತ ಕೇಳ್ತಾರೆ. ಹೇಳಲೇಬೇಕಾಗತ್ತೆ. ಅದರ ಧ್ವನಿಮುದ್ರಣ ಕೇಳಿ ಬರ್ಕೊಳ್ಳೋಳು ಇವಳು." ಅವರು ಮತ್ತೆ ಆ ಬಾಗಿಲ ಕಡೆ ನೋಡಿದರು. "ತನ್ನ ಮದುವೆ ಸುದ್ದೀನ ಅಪ್ಪನ ಬಾಯಲ್ಲಿ, ಊರೋರ ಸಭೆಯಲ್ಲಿ ಕೇಳ್ಬೇಕಾ ನನ್ನ ಮಗಳು?"

"ನಾಳೆ ನೀವು ಬಾಯಿ ಬಿಡದಿದ್ರೆ ಆ ಟೋಪಿ ಹೊಲಿಯೋಳ ಹೆಸರು, ಸೈಕಲ್ ಅಂಗಡಿಯವನ ಹೆಸರು..."

"ಗೊತ್ತು. ಅದೇ ನನ್ನ ತಿಂತಾ ಇರೋದು."

ಆಗ ನನಗೆ ಕೇಳಬೇಕಾದ ಮುಖ್ಯ ಪ್ರಶ್ನೆಯನ್ನೇ ಕೇಳಿಲ್ಲ ಎಂದು ನೆನಪಾಯಿತು. ಕರುಣೆ ಹೆಚ್ಚಾದರೆ ಈ ಕಸುಬಿನಲ್ಲಿ ಹೀಗಾಗುತ್ತದೆ.

"ಮಗಳು ಹೇಳಿಲ್ಲ ಅಂತೀರಿ. ಮತ್ತೆ ನಿಮಗೆ ಯಾರು ಹೇಳಿದ್ದು?"

"ಅಧ್ಯಕ್ಷೆ."

"ಯಾರು?"

"ಸಭೆ ದಿನ ಬೆಳಿಗ್ಗೆ ಫೋನ್ ಮಾಡಿದ್ರು. ಅಭಿನಂದನೆ ಅಂದ್ರು. ಯಾವುದಕ್ಕೆ ಅಂದೆ. ಮಗಳ ಮದುವೆ ಅಂತೆ, ಹುಡುಗ ಇಂಥ ಕಡೆ ಅಂತೆ, ಒಳ್ಳೇದಾಗ್ಲಿ, ಆದ್ರೆ ಹಿತಾಸಕ್ತಿ ನಿಯಮ ನಿಮಗೆ ನಾನು ನೆನಪು ಮಾಡ್ಬೇಕಾಗಿಲ್ಲ ಅಲ್ವಾ ಅಂದ್ರು." ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. "ನನ್ನ ಮಗಳ ಮದುವೆ ಸುದ್ದಿ ನನಗೆ ಬಂದಿದ್ದು ಹಾಗೆ."

ನನ್ನ ಮೈ ಉರಿದುಹೋಯಿತು. ಅಧ್ಯಕ್ಷೆ ಆ ಪ್ರಶ್ನೆ ಕೇಳಿ ಅಷ್ಟು ಹೊತ್ತು ಕಾದದ್ದು ಯಾಕೆ ಎಂದು ಈಗ ತಿಳಿಯಿತು. ಅವರಿಗೆ ಗೊತ್ತಿತ್ತು. ಈ ಮನುಷ್ಯ ಬಾಯಿ ಬಿಡುತ್ತಾನೋ ಇಲ್ಲವೋ ಎಂದು ನೋಡುತ್ತಿದ್ದರು. ಬಿಡುವುದಿಲ್ಲ ಎಂದು ಖಾತ್ರಿಯಾದ ಮೇಲೆ, ಪಕ್ಕಕ್ಕೆ ನಿಂತವರನ್ನು ಒಪ್ಪಿದವರ ಸಾಲಿಗೆ ಸೇರಿಸಿಬಿಟ್ಟರು. ಅದೂ ಗೊತ್ತಿದ್ದೂ ಗೊತ್ತಿದ್ದೂ.

"ಆಯಮ್ಮನಿಗೆ ಯಾರು ಹೇಳಿದ್ರು?" ಎಂದ ನನ್ನ ಮೈದುನ. ಅವನು ಯಾವಾಗ ಬಂದು ಕಂಬಕ್ಕೊರಗಿ ನಿಂತಿದ್ದನೋ ನಾನು ಗಮನಿಸಿರಲಿಲ್ಲ.

ಹಿಂದಿನಿಂದ ಲೋಟಗಳು ತಟ್ಟೆಗೆ ತಾಗಿ ಗಲಗಲ ಎಂದವು. ಯಜಮಾನರ ಹೆಂಡತಿ ಚಹಾ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ನಾನೆದ್ದು ತಟ್ಟೆಯನ್ನು ಕೈಗೆ ತೆಗೆದುಕೊಂಡೆ, ಇಲ್ಲದಿದ್ದರೆ ಅದು ಬೀಳುತ್ತಿತ್ತು.

"ನಿಮಗೆ ಗೊತ್ತಿತ್ತಾ?" ಎಂದರು ಅವರು ಗಂಡನಿಗೆ.

"ನಿನಗೆ ಗೊತ್ತಿತ್ತಾ?" ಎಂದರು ಗಂಡ.

"ಪುಟ್ಟಿ ನನಗೊಬ್ಬಳಿಗೇ ಹೇಳಿದ್ಲು. ಅಪ್ಪನಿಗೆ ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ ಅಂತ ಆಣೆ ಹಾಕಿಸ್ಕೊಂಡಿದ್ಲು."

"ಒಂದು ತಿಂಗಳಿಂದ ಒಂದೇ ಮನೆಯಲ್ಲಿ..." ಎಂದು ಯಜಮಾನರು ಮಾತು ನಿಲ್ಲಿಸಿದರು.

"ನಾನು ಪಾತ್ರೆ ಉಜ್ಜೋವಾಗೆಲ್ಲ ಒಬ್ಬಳೇ ನಗ್ತಿದ್ದೆ. ನೀವು ನೋಡ್ಲಿಲ್ವಾ?"

"ನೋಡಿದೆ. ನನ್ನ ಅವಸ್ಥೆ ನೋಡಿ ನಗ್ತೀಯ ಅಂದ್ಕೊಂಡೆ."

ಬೇರೆ ದಿನವಾಗಿದ್ದರೆ ನಾನೂ ಅವರ ಜೊತೆ ಕೂತು ನಗುತ್ತಿದ್ದೆ. ಗಿರಾಕಿಗಳು ಇಷ್ಟೊಂದು ಮುಚ್ಚಿಟ್ಟು ಪತ್ತೆ ಮಾಡಿ ಎಂದರೆ ಪತ್ತೇದಾರಳ ಗತಿ ಏನು ಎಂದು ರೇಗಿಸುತ್ತಿದ್ದೆ. ಆದರೆ ಆ ಹೆಂಗಸಿನ ಮುಖದ ಗಾಬರಿ ಕಡಿಮೆಯಾಗಿರಲಿಲ್ಲ.

"ಅಮ್ಮ, ನೀವು ಇದನ್ನ ಯಾರಿಗಾದ್ರೂ ಹೇಳಿದ್ರಾ?" ಎಂದು ಕೇಳಿದೆ.

"ಯಾರಿಗೂ ಹೇಳಿಲ್ಲ. ದೇವರಾಣೆ." ಅವರು ಗಂಡನ ಪಕ್ಕ ನಿಧಾನವಾಗಿ ಕುಳಿತರು. "ಕೇಳಿದೆ. ಇವರ ಸ್ಥಾನಕ್ಕೆ ಇದರಿಂದ ತೊಂದ್ರೆ ಆಗತ್ತೇನೋ ಅಂತ ಒಂದು ಚಿಂತೆ ಇತ್ತಲ್ಲ. ನಿಯಮ ಗಿಯಮ ನನಗೆ ತಿಳಿಯಲ್ಲ. ಅದಕ್ಕೇ ಆ ಹುಡುಗನ್ನೇ ಫೋನಲ್ಲಿ ಕೇಳಿದೆ. ವಕೀಲ ಅಲ್ವಾ, ಮನೆ ಮಗ ಆಗೋನು ಅಲ್ವಾ ಅಂತ."

"ಏನಂದ್ರು ಅವರು?"

"ವಿಚಾರಿಸಿ ಹೇಳ್ತೀನಿ ಅಮ್ಮ ಅಂದ. ಮಾರನೇ ದಿನ ಮತ್ತೆ ಫೋನ್ ಮಾಡಿದ. ಏನೂ ತೊಂದ್ರೆ ಇಲ್ಲ, ಸಭೆ ಮುಗಿಯೋವರೆಗೆ ಮಾತ್ರ ಯಾರಿಗೂ ಹೇಳ್ಬೇಡಿ ಅಂದ." ಅವರು ನನ್ನ ಕಡೆ ತಿರುಗಿದರು. "ಯಾರ ಹತ್ರ ವಿಚಾರಿಸಿದೆ ಅಂತ ನಾನು ಕೇಳಲೇ ಇಲ್ಲ ಮೇಡಂ."

ನನ್ನ ತಲೆಯಲ್ಲಿ ಎರಡು ದಾರಿಗಳು ತೆರೆದುಕೊಂಡವು. ಭಾವೀ ಅತ್ತೆ ಕೇಳಿದಳೆಂದು ಹುಡುಗ ಸದ್ಭಾವದಿಂದಲೇ ಅಧ್ಯಕ್ಷೆಯನ್ನು ವಿಚಾರಿಸಿರಬಹುದು, ಅವರು ಅದನ್ನು ದುರುಪಯೋಗ ಮಾಡಿಕೊಂಡಿರಬಹುದು. ಇಲ್ಲವೇ, ಸಣ್ಣ ವ್ಯಾಪಾರಿಗಳ ಏಕೈಕ ಬಾಯಿಗೆ ಬೀಗ ಹಾಕುವ ಉಪಾಯ ತಾನಾಗಿ ಮಡಿಲಿಗೆ ಬಿತ್ತೆಂದು ಅವನು ಅದನ್ನು ತನ್ನ ಕಂಪನಿಗೆ ಒಪ್ಪಿಸಿರಬಹುದು. ಎರಡನೆಯದು ನಿಜವಾದರೆ ಅವನ ಪ್ರೀತಿ ಎಂದಿನಿಂದ ಶುರುವಾಯಿತು ಎನ್ನುವುದನ್ನೂ ಕೇಳಬೇಕಾಗುತ್ತದೆ. ಆ ಪ್ರಶ್ನೆಯನ್ನು ಯೋಚಿಸುವುದಕ್ಕೇ ನನಗೆ ಹಿಂಸೆಯಾಯಿತು.

ಮುಂದಿನ ಕೋಣೆಯ ಕೀಬೋರ್ಡಿನ ಸದ್ದು ನಿಂತು ಬಹಳ ಹೊತ್ತಾಗಿತ್ತು ಎಂಬುದು ಆಗ ಗಮನಕ್ಕೆ ಬಂತು.

ಮಗಳು ಬಾಗಿಲಲ್ಲಿ ಇದ್ದಳು. ಎಷ್ಟು ಕೇಳಿಸಿಕೊಂಡಿದ್ದಳು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಅವಳು ಅತ್ತಿರಲಿಲ್ಲ. ಅಪ್ಪನ ಮುಂದೆ ಬಂದು ಮೊಣಕಾಲೂರಿ ಕುಳಿತಳು.

"ನನ್ನಿಂದ ನಿಮ್ಮನ್ನ ಎಲ್ಲರೂ ಕಳ್ಳ ಅಂದ್ರಾ ಅಪ್ಪ?"

"ಯಾರೋ ಏನೋ ಅಂತಾರೆ, ಪುಟ್ಟಿ. ನೀನು ಎದ್ದೇಳು, ನೆಲದ ಮೇಲೆ ಮೊಳೆ ಇರತ್ತೆ."

"ಅವರು ನನ್ನ ಹತ್ರ ಇದ್ಯಾವುದನ್ನೂ ಹೇಳಿಲ್ಲ," ಎಂದಳು. "ಅಮ್ಮ ಫೋನ್ ಮಾಡಿದ್ದೂ ಹೇಳಿಲ್ಲ." ಸ್ವಲ್ಪ ಹೊತ್ತು ಅಪ್ಪನ ಕೈಯ ಮೇಲಿನ ಮರದ ಹುಡಿಯನ್ನು ಬೆರಳಿನಿಂದ ಒರೆಸುತ್ತಾ ಕುಳಿತಳು. ಆಮೇಲೆ ಕಡ್ಡಿ ಮುರಿದ ಹಾಗೆ ಹೇಳಿದಳು. "ನಾಳೆ ನೀವು ಮಾತಾಡಿ. ನನ್ನ ಮಗಳಿಗೂ ಆ ಕಂಪನಿಯವರಿಗೂ ಯಾವ ಸಂಬಂಧಾನೂ ಇಲ್ಲ ಅಂತ ಹೇಳಿ. ನೀವು ಸುಳ್ಳು ಹೇಳಿದ ಹಾಗಾಗಲ್ಲ. ನಾನು ಈಗ್ಲೇ ಅವರಿಗೆ ಮದುವೆ ಬೇಡ ಅಂತ ಹೇಳಿ ಮುಗಿಸ್ತೀನಿ."

"ಪುಟ್ಟಿ, ಬೇಡ," ಎಂದರು ತಾಯಿ.

"ಮೊದ್ಲು ಒಂದು ಮಾತು ಕೇಳು ಆ ಹುಡುಗನ್ನ," ಎಂದರು ಯಜಮಾನರು. "ಒಬ್ಬ ಮನುಷ್ಯ ಬಾಯಿ ತೆಗೆಯೋಕೆ ಮುಂಚೆ ನಾವೇ ಅವನ ಪರವಾಗಿ ಬರ್ಕೊಂಡ್ರೆ ಹೇಗಮ್ಮ? ಅದನ್ನೇ ಅಲ್ವಾ ನನಗೆ ಅವರು ಮಾಡಿದ್ದು."

ನಾನೂ ಅದನ್ನೇ ಹೇಳುವವಳಿದ್ದೆ, ಪತ್ತೇದಾರಿಕೆಯ ದೃಷ್ಟಿಯಿಂದ. ಅವರು ಹೇಳಿದ್ದು ತಂದೆಯಾಗಿ. ಮಗಳು ಇಬ್ಬರ ಮಾತನ್ನೂ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಗವಾಕ್ಷಿಯ ಕೆಳಗೆ ಹೋಗಿ, ಏಣಿಯನ್ನು ಸರಸರನೆ ಹತ್ತಿ, ಹಲಗೆಯ ಮೇಲೆ ಕೂರದೆ ನಿಂತೇ ನಂಬರು ಒತ್ತಿದಳು. ಯಜಮಾನರು ಎದ್ದು ಅವಳ ಹಿಂದೆಯೇ ಹೋಗಿ ಏಣಿಯ ಕಾಲು ಹಿಡಿದುಕೊಂಡರು.

"ಸ್ಪೀಕರಿಗೆ ಹಾಕು ತಾಯಿ," ಎಂದೆ. "ನಿನ್ನೊಬ್ಬಳ ಮಾತಲ್ಲ ಇದು."

ಅವಳು ಹಾಕಿದಳು. ಮೊದಲ ರಿಂಗಿಗೇ ಆ ಕಡೆಯವರು ಎತ್ತಿದರು. ಅವಳು ಬಾಯಿ ತೆರೆಯುವ ಮೊದಲೇ ದನಿ ಬಂತು. ತಗ್ಗಿದ, ಅವಸರದ ದನಿ. ಯಾರೋ ಪಕ್ಕದಲ್ಲಿ ಇದ್ದು, ಅವರಿಂದ ದೂರ ಸರಿದು ಮಾತಾಡುವ ಹಾಗಿತ್ತು.

"ನಾನೇ ಮಾಡೋನಿದ್ದೆ. ಕೇಳಿಸ್ಕೋ. ನಾಳೆ ನಿಮ್ಮಪ್ಪ ಆ ಸಭೆಯಲ್ಲಿ ಬಾಯಿ ಬಿಡಬಾರ್ದು. ಏನಾದ್ರೂ ಮಾಡಿ ತಡಿ. ದಯವಿಟ್ಟು. ಯಾಕೆ ಅಂತ ಫೋನಲ್ಲಿ ಹೇಳೋಕಾಗಲ್ಲ."

ಅವಳ ಕೈಯಲ್ಲಿದ್ದ ಫೋನು ಮೆಲ್ಲಗೆ ಕೆಳಗಿಳಿಯಿತು. ತಾಯಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಏಣಿ ಯಜಮಾನರು ಒಂದು ಕ್ಷಣ ಮೇಲೆ ನೋಡಿದರು. ಆಮೇಲೆ, ಒಂದು ತಿಂಗಳಿಂದ ಒಂದೂ ಮೆಟ್ಟಿಲು ಹತ್ತದ ಆ ಮನುಷ್ಯ, ಚಪ್ಪಲಿ ಬಿಟ್ಟು, ಒಂದೊಂದೇ ಮೆಟ್ಟಿಲು ಏರಿ ಮಗಳ ಹತ್ತಿರ ಹೋದರು. ಅವಳ ಕೈಯಿಂದ ಫೋನು ತೆಗೆದುಕೊಂಡು, ಅವಳ ಬೆನ್ನ ಮೇಲೆ ಒಂದು ಕೈ ಇಟ್ಟರು.

"ನಾನು ಪುಟ್ಟಿ ಅಪ್ಪ ಮಾತಾಡ್ತಾ ಇರೋದು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಯಾಕೆ ಅಂತ ನನಗೇ ಹೇಳಪ್ಪ."

ಆ ಕಡೆಯಿಂದ ಉಸಿರಾಟ ಕೇಳುತ್ತಿತ್ತು. ಫೋನು ಕಟ್ ಆಗಲಿಲ್ಲ. ಅವನ ಪರವಾಗಿ ತಾವೇ ಏನನ್ನೂ ಬರೆದುಕೊಳ್ಳದೆ, ಯಜಮಾನರು ಹಲಗೆಯ ಮೇಲೆ ಕುಳಿತು ಕಾದರು.